ಮೊದಲು ಕ್ಲಿಪ್, ಆಮೇಲೆ ಮುಚ್ಚಳ

ಬೆಂಗಳೂರಿನಲ್ಲಿ ಫೆಬ್ರವರಿ, ಮಾರ್ಚ್ ತಿಂಗಳ ಮಧ್ಯಾಹ್ನಗಳಲ್ಲಿ ಗಾಳಿ ಎಷ್ಟು ಒಣಗಿರುತ್ತದೆಂದರೆ, ಕಾರಿನಿಂದ ಇಳಿದು ಬಾಗಿಲು ಮುಟ್ಟಿದರೆ ಬೆರಳ ತುದಿಗೆ ಚುರುಕ್ ಎನ್ನುತ್ತದೆ. ಪಾಲಿಯೆಸ್ಟರ್ ಅಂಗಿ ಬಿಚ್ಚುವಾಗ ಚಟಪಟ ಸದ್ದು. ಪ್ಲಾಸ್ಟಿಕ್ ಜಾರುಬಂಡೆಯಿಂದ ಇಳಿದ ಮಗುವಿನ ಕೂದಲು ನೆಟ್ಟಗೆ ನಿಂತಿರುತ್ತದೆ, ನಾವು ನಕ್ಕು ಸುಮ್ಮನಾಗುತ್ತೇವೆ. ಎಲ್ಲವೂ ಸ್ಟ್ಯಾಟಿಕ್, ಅಂದರೆ ಉಜ್ಜಾಟದಿಂದ ಮೈಮೇಲೆ ಕೂಡಿಕೊಂಡ ವಿದ್ಯುತ್ತಿನ ಆಟ. ಇದೇ ಚುರುಕ್, ಇಂಥದೇ ಒಣ ಮಧ್ಯಾಹ್ನ, ಜಕ್ಕೂರಿನಂಥ ಏರೋಡ್ರೋಮಿನಲ್ಲಿ ಸೆಸ್ನಾ ವಿಮಾನದ ರೆಕ್ಕೆ ಮೇಲಿನ ಇಂಧನದ ಮುಚ್ಚಳ ತೆರೆದ ಗಳಿಗೆಯಲ್ಲಿ ಆದರೆ ನಗುವ ವಿಷಯವಲ್ಲ. ಮುಚ್ಚಳ ತೆರೆಯುವ ಮೊದಲು ವಿಮಾನಕ್ಕೊಂದು ತಂತಿಯ ಕ್ಲಿಪ್ ಕಚ್ಚಿಸುವುದು ಅದಕ್ಕೇ.

ದೊಡ್ಡ ಪ್ರಯಾಣಿಕ ವಿಮಾನಗಳಿಗೆ ಇಂಧನ ತುಂಬಿಸುವುದನ್ನು ನೋಡಿದವರು, ರೆಕ್ಕೆಯ ಅಡಿಯಲ್ಲಿ ದಪ್ಪನೆಯ ಹೋಸ್ ತಿರುಗಿಸಿ ಲಾಕ್ ಮಾಡುವುದನ್ನು ಗಮನಿಸಿರಬಹುದು. ಅಲ್ಲಿ ಇಂಧನ ಮುಚ್ಚಿದ ದಾರಿಯಲ್ಲೇ ಒಳಗೆ ಹೋಗುತ್ತದೆ, ಹೊರಗಿನ ಗಾಳಿ ಸೋಕುವುದಿಲ್ಲ. ಸಣ್ಣ ವಿಮಾನದ ಕತೆ ಬೇರೆ. ಬಂಕಿನಲ್ಲಿ ಸ್ಕೂಟರಿಗೆ ಹಾಕಿದ ಹಾಗೆ, ಏಣಿ ಹತ್ತಿ, ರೆಕ್ಕೆಯ ಮೇಲಿನ ತೂತಿನೊಳಗೆ ನಾಝಲ್ ಇಳಿಸಿ ಸುರಿಯುವುದು. ತೆರೆದ ಬಾಯಿ, ಅದರಿಂದ ಏಳುವ ಆವಿ, ಲೋಹದ ನಾಝಲ್, ಅದನ್ನು ಹಿಡಿದ ಮನುಷ್ಯ, ನಾಲ್ಕೂ ಒಂದು ಗೇಣಿನೊಳಗೆ ಬಂದು ನಿಲ್ಲುತ್ತವೆ. ಕಿಡಿ ಹಾರಲು ಇದಕ್ಕಿಂತ ಕೆಟ್ಟ ಜಾಗ ಹುಡುಕಿದರೂ ಸಿಗದು.

ಕಿಡಿ ಎಷ್ಟು ದೊಡ್ಡದಿರಬೇಕು? ಜನ ಮೋಸಹೋಗುವುದು ಇಲ್ಲೇ. ಪೆಟ್ರೋಲ್ ಆವಿ ಗಾಳಿಯೊಂದಿಗೆ ಹದವಾಗಿ ಬೆರೆತಾಗ ಅದಕ್ಕೆ ಬೆಂಕಿ ಹತ್ತಿಸಲು ಸುಮಾರು 0.25 ಮಿಲಿಜೂಲ್ ಶಕ್ತಿ ಸಾಕು. ಎಷ್ಟು ಕಡಿಮೆ ಎಂದು ಅಂದಾಜಿಗೆ ಸಿಗಲು ಮನುಷ್ಯನ ಮೈಯನ್ನೇ ಅಳತೆಗೋಲು ಮಾಡಿಕೊಳ್ಳೋಣ. ರಬ್ಬರ್ ಅಟ್ಟೆಯ ಬೂಟು ಹಾಕಿ ನಿಂತ ಮನುಷ್ಯ ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ಒಂದು ಪುಟ್ಟ ಪಾತ್ರೆ ಇದ್ದ ಹಾಗೆ. ಅದರ ಗಾತ್ರ 150 ಪಿಕೋಫ್ಯಾರಡ್ ಎಂದಿಟ್ಟುಕೊಳ್ಳಿ. ನಡೆದಾಡಿ, ಸೀಟಿನ ಮೇಲೆ ಜಾರಿ ಅವನ ಮೈ 2,000 ವೋಲ್ಟ್‌ಗೆ ಏರಿದರೆ ಒಳಗೆ ಕೂತ ಶಕ್ತಿ 0.3 ಮಿಲಿಜೂಲ್. ಬೆಂಕಿಗೆ ಅಷ್ಟು ಸಾಕು. ಆದರೆ ಬೆರಳಿಗೆ ಚುರುಕ್ ಎಂದು ಗೊತ್ತಾಗಲು ಸುಮಾರು 3,000 ವೋಲ್ಟ್ ಬೇಕು. ಅಂದರೆ ನಮಗೆ ಗೊತ್ತೇ ಆಗದ ಕಿಡಿಯೂ ಆವಿಗೆ ಬೆಂಕಿ ಕೊಡಬಲ್ಲದು. "ನನಗೆ ಶಾಕ್ ಹೊಡೆದಿಲ್ಲ, ಹಾಗಾಗಿ ಸ್ಟ್ಯಾಟಿಕ್ ಇಲ್ಲ" ಎನ್ನುವ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ.

ಮನುಷ್ಯನ ಮೈಮೇಲಿನ ವಿದ್ಯುತ್ತು ಕತೆಯ ಒಂದು ಭಾಗ ಮಾತ್ರ. ಇನ್ನೊಂದು ಭಾಗ ಇಂಧನದ್ದು, ಅದು ಹರಿಯುವುದರಿಂದಲೇ ಹುಟ್ಟುವುದು.

ಪೆಟ್ರೋಲ್, ಜೆಟ್ ವಿಮಾನಗಳ ಇಂಧನವಾದ ಎಟಿಎಫ್ ಎಲ್ಲವೂ ವಿದ್ಯುತ್ತನ್ನು ಬಹಳ ಕಷ್ಟಪಟ್ಟು ಸಾಗಿಸುವ ದ್ರವಗಳು. ಆದರೂ ಅವು ಅಪ್ಪಟ ಶುದ್ಧವಲ್ಲ, ಅತಿ ಸಣ್ಣ ಪ್ರಮಾಣದ ಕಲ್ಮಶಗಳಿರುತ್ತವೆ, ಆ ಕಲ್ಮಶಗಳಲ್ಲಿ ಧನ, ಋಣ ಅಯಾನುಗಳು, ಅಂದರೆ ವಿದ್ಯುತ್ ಹೊತ್ತ ಕಣಗಳು, ಜೋಡಿಜೋಡಿಯಾಗಿ ಇರುತ್ತವೆ. ಇಂಧನ ನಿಂತಿರುವಾಗ ಎರಡೂ ಸಮ, ತಕರಾರಿಲ್ಲ. ಹೋಸಿನೊಳಗೆ ಹರಿಯತೊಡಗಿದಾಗ ಒಂದು ಬಗೆಯ ಅಯಾನು ಗೋಡೆಗೆ ಅಂಟಿಕೊಂಡು ಹಿಂದುಳಿಯುತ್ತದೆ, ಅದರ ಜೋಡಿ ಹರಿವಿನೊಂದಿಗೆ ಮುಂದಕ್ಕೆ ಹೋಗಿಬಿಡುತ್ತದೆ. ಜಾತ್ರೆಯ ನೂಕುನುಗ್ಗಲಿನಲ್ಲಿ ಕೈ ತಪ್ಪಿದ ದಂಪತಿಯ ಹಾಗೆ ಒಬ್ಬರು ಬೇಲಿ ಹಿಡಿದು ಅಲ್ಲೇ ನಿಂತರು, ಇನ್ನೊಬ್ಬರು ತೇಲಿಹೋದರು. ಹೀಗೆ ಟ್ಯಾಂಕಿಗೆ ಬಂದು ಬೀಳುವ ಇಂಧನ ಒಂದೇ ಬಗೆಯ ವಿದ್ಯುದಾವೇಶ ಹೊತ್ತು ತರುತ್ತದೆ.

ಇದನ್ನು ಎಷ್ಟೋ ಪಟ್ಟು ಹೆಚ್ಚಿಸುವುದು ಫಿಲ್ಟರ್. ವಿಮಾನದ ಇಂಧನಕ್ಕೆ ಫಿಲ್ಟರ್ ಬೇಕೇ ಬೇಕು, ನೀರು ಮತ್ತು ಧೂಳು ಎಂಜಿನ್ನಿಗೆ ಹೋಗಕೂಡದು. ಆದರೆ ಫಿಲ್ಟರಿನೊಳಗೆ ಇಂಧನ ಸಾವಿರಾರು ಸಣ್ಣ ಸಂದುಗಳಲ್ಲಿ ನುಸುಳುತ್ತದೆ, ಒಟ್ಟು ಗೋಡೆಯ ವಿಸ್ತೀರ್ಣ ಅಪಾರ, ಬೇರ್ಪಡುವ ಜೋಡಿಗಳೂ ಅಪಾರ. ಬರೀ ಪೈಪಿನಲ್ಲಿ ಹರಿದಾಗ ಹುಟ್ಟುವುದಕ್ಕಿಂತ ಹತ್ತರಿಂದ ಇನ್ನೂರು ಪಟ್ಟು ಆವೇಶ ಫಿಲ್ಟರಿನಲ್ಲಿ ಹುಟ್ಟಬಹುದು. ಸುರಕ್ಷತೆಗೆಂದು ಇಟ್ಟ ಸಾಧನವೇ ಇನ್ನೊಂದು ಅಪಾಯದ ತಾಯಿಯಾಗುವುದು ಎಂಜಿನಿಯರಿಂಗಿನಲ್ಲಿ ಹೊಸದಲ್ಲ. ಇಂಧನದಲ್ಲಿ ನೀರಿನ ಹನಿಗಳು ಬೆರೆತಿದ್ದರೆ, ಅವು ತಳಕ್ಕೆ ಇಳಿಯುವಾಗಲೂ ಆವೇಶ ಹುಟ್ಟುತ್ತದೆ.

ಈಗ ಒಂದು ಸಣ್ಣ ಲೆಕ್ಕ. ಇಂಧನದ ಹರಿವು ಹೊತ್ತು ತರುವ ವಿದ್ಯುತ್ ಪ್ರವಾಹ 0.1 ಮೈಕ್ರೋ ಆಂಪಿಯರ್ ಎಂದಿಟ್ಟುಕೊಳ್ಳೋಣ, ಅಂದರೆ ಒಂದು ಆಂಪಿಯರ್‌ನ ಕೋಟಿಯಲ್ಲೊಂದು ಪಾಲು. ಯಾವ ಬಲ್ಬೂ ಇದಕ್ಕೆ ಮಿಣುಕುವುದಿಲ್ಲ. ವಿಮಾನದ ವಿದ್ಯುತ್ ಧಾರಣ ಸಾಮರ್ಥ್ಯ 1,000 ಪಿಕೋಫ್ಯಾರಡ್ ಎನ್ನಿ. ಆವೇಶ ಎಲ್ಲೂ ಸೋರದಿದ್ದರೆ ವಿಮಾನದ ವೋಲ್ಟೇಜ್ ಪ್ರತಿ ಸೆಕೆಂಡಿಗೆ 100ರಂತೆ ಏರುತ್ತದೆ. ಅರ್ಧ ನಿಮಿಷದಲ್ಲಿ 3,000 ವೋಲ್ಟ್. ಆಗ ಅದರಲ್ಲಿ ಕೂತ ಶಕ್ತಿ 4.5 ಮಿಲಿಜೂಲ್, ಆವಿಗೆ ಬೆಂಕಿ ಹತ್ತಿಸಲು ಬೇಕಾದದ್ದರ ಹದಿನೆಂಟು ಪಟ್ಟು. ವಿಮಾನದ ಟೈರಿನ ರಬ್ಬರಿನಲ್ಲಿ ಇಂಗಾಲದ ಪುಡಿ ಇರುವುದರಿಂದ ಒಂದಿಷ್ಟು ನೆಲಕ್ಕೆ ಸೋರಿಹೋಗುತ್ತದೆ ಎನ್ನುವುದು ನಿಜ. ಒಣಗಿದ ಕಾಂಕ್ರೀಟಿನ ಮೇಲೆ, ಬೇಸಿಗೆಯ ಮಧ್ಯಾಹ್ನ, ಎಷ್ಟು ಸೋರುತ್ತದೆ ಎನ್ನುವುದನ್ನು ನಂಬಿ ಕೂರುವ ಹಾಗಿಲ್ಲ.

ಅದೇ ವಿಮಾನವನ್ನು ಒಂದು ತಂತಿಯಿಂದ ನಾಝಲ್‌ಗೆ ಜೋಡಿಸಿ. ತಂತಿಯ ರೋಧ ಹತ್ತು ಲಕ್ಷ ಓಮ್, ಅಂದರೆ ಎಲೆಕ್ಟ್ರಿಷಿಯನ್ ಕಣ್ಣಿಗೆ ತಂತಿಯೇ ಅಲ್ಲ ಎನ್ನುವಷ್ಟು ಕೆಟ್ಟದ್ದು ಎಂದೇ ಇಟ್ಟುಕೊಳ್ಳಿ. ಆಗಲೂ 0.1 ಮೈಕ್ರೋ ಆಂಪಿಯರ್ ಹರಿಯುವಾಗ ಎರಡರ ನಡುವಿನ ವ್ಯತ್ಯಾಸ ಒಂದು ವೋಲ್ಟ್‌ನ ಹತ್ತನೇ ಒಂದು ಭಾಗ ಮಾತ್ರ. ಗಾಳಿಯಲ್ಲಿ ಕಿಡಿ ಹಾರಲು, ಅಂತರ ಎಷ್ಟೇ ಸಣ್ಣದಿದ್ದರೂ, ಕನಿಷ್ಠ ಸುಮಾರು 350 ವೋಲ್ಟ್ ಬೇಕು. ಮೂರು ಸಾವಿರ ವೋಲ್ಟ್‌ನ ರಾಕ್ಷಸ, ಒಂದು ತಂತಿ ಕಟ್ಟಿದೊಡನೆ ಟಾರ್ಚಿನ ಸೆಲ್ಲಿಗಿಂತ ಬಡಪಾಯಿಯಾದ. ಇಡೀ ಮುನ್ನೆಚ್ಚರಿಕೆಯ ಹಿಂದಿನ ಭೌತಶಾಸ್ತ್ರ ಇಷ್ಟೇ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮ ಒಂದಿದೆ. ಆ ತಂತಿ ಹೋದದ್ದು ನೆಲಕ್ಕಲ್ಲ, ನಾಝಲ್‌ಗೆ.

ನಮ್ಮಲ್ಲಿ ವಿದ್ಯುತ್ತಿನ ಸುರಕ್ಷತೆ ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರುವುದು ಅರ್ತಿಂಗ್. ಮನೆ ಕಟ್ಟುವಾಗ ಗುಂಡಿ ತೋಡಿ, ಉಪ್ಪು ಇದ್ದಿಲು ಹಾಕಿ, ತಾಮ್ರದ ಪ್ಲೇಟ್ ಹೂತವರು ನಾವು. ಹಾಗಾಗಿ ವಿಮಾನಕ್ಕೂ ನೆಲಕ್ಕೊಂದು ತಂತಿ ಕಟ್ಟಿದರೆ ಕೆಲಸ ಮುಗಿಯಿತು ಎಂದು ಅನೇಕರು ತಿಳಿದಿದ್ದಾರೆ. ಆದರೆ ಕಿಡಿ ಹಾರುವುದು ಎರಡು ವಸ್ತುಗಳ ನಡುವೆ, ಅವುಗಳ ವಿಭವ, ಅಂದರೆ ವೋಲ್ಟೇಜಿನ ಮಟ್ಟ, ಬೇರೆ ಬೇರೆ ಆಗಿದ್ದಾಗ. ಮುಚ್ಚಳದ ಹತ್ತಿರ ಬಂದು ನಿಲ್ಲುವ ಎರಡು ವಸ್ತು ಯಾವುವು? ಟ್ಯಾಂಕಿನ ಬಾಯಿ ಮತ್ತು ನಾಝಲ್. ಇವೆರಡೂ ಒಂದೇ ಮಟ್ಟದಲ್ಲಿದ್ದರೆ ನೆಲ ಯಾವ ಮಟ್ಟದಲ್ಲಿದ್ದರೇನು, ನಡುವೆ ಕಿಡಿ ಹಾರದು. ಹೀಗೆ ಎರಡನ್ನು ಒಂದೇ ಮಟ್ಟಕ್ಕೆ ತರುವ ಜೋಡಣೆಗೆ ಬಾಂಡಿಂಗ್ ಎನ್ನುತ್ತಾರೆ. ವಿಮಾನವನ್ನು ಮಾತ್ರ ನೆಲಕ್ಕೆ ಕಟ್ಟಿ, ಟೈರಿನ ಮೇಲೆ ನಿಂತ ಬೌಸರನ್ನು, ಅಂದರೆ ಇಂಧನ ತರುವ ಟ್ಯಾಂಕರ್ ಲಾರಿಯನ್ನು, ಹಾಗೇ ಬಿಟ್ಟರೆ, ನಾಝಲ್ ಬೇರೆ ಮಟ್ಟದಲ್ಲೇ ಉಳಿಯುತ್ತದೆ. ಅರ್ತಿಂಗ್ ಇದ್ದೂ ಕಿಡಿ ಹಾರಬಹುದು. ವಿಮಾನಗಳಿಗೆ ಇಂಧನ ತುಂಬಿಸುವುದಕ್ಕೆಂದೇ ಇರುವ ಅಮೆರಿಕದ ಎನ್‌ಎಫ್‌ಪಿಎ 407 ಮಾನದಂಡ ಅರ್ತಿಂಗ್ ಕಡ್ಡಾಯ ಎನ್ನುವ ಮಾತನ್ನು ಕೈಬಿಟ್ಟು, ಬಾಂಡಿಂಗ್ ಮಾತ್ರ ಕಡ್ಡಾಯವಾಗಿ ಉಳಿಸಿಕೊಂಡಿದೆ. ನೆಲಕ್ಕೂ ಕಟ್ಟಬೇಕು ಎನ್ನುವ ಪದ್ಧತಿ ನೀವು ಹಾರುವ ಕಡೆ ಇದ್ದರೆ ಕಟ್ಟಿ, ತೊಂದರೆಯೇನಿಲ್ಲ. ಅದನ್ನು ಬಾಂಡಿಂಗಿಗೆ ಬದಲಿ ಎಂದುಕೊಳ್ಳಬೇಡಿ, ಅಷ್ಟೇ.

ಹಾಗಾದರೆ ಕ್ರಮ. ಎಂಜಿನ್, ಎಂಜಿನ್ನಿನೊಳಗೆ ಕಿಡಿ ಹುಟ್ಟಿಸುವ ಮ್ಯಾಗ್ನೆಟೋ, ಮಾಸ್ಟರ್ ಸ್ವಿಚ್ ಎಲ್ಲ ಆಫ್. ವಿಮಾನದೊಳಗೆ ಯಾರೂ ಇಲ್ಲ. ಅಗ್ನಿಶಾಮಕ ಕೈಗೆಟುಕುವಲ್ಲಿ. ಬೌಸರ್ ಅಥವಾ ಪಂಪಿನ ರೀಲಿನಿಂದ ಬಾಂಡಿಂಗ್ ಕೇಬಲ್ ಎಳೆದು ವಿಮಾನದ ಲೋಹಕ್ಕೆ ಕ್ಲಿಪ್ ಕಚ್ಚಿಸುವುದು. ಆಮೇಲೆ ಏಣಿ ಹತ್ತಿ, ನಾಝಲ್‌ನದೇ ಪುಟ್ಟ ಕೇಬಲ್ ಇದ್ದರೆ ಅದನ್ನು ಟ್ಯಾಂಕಿನ ಬಾಯಿಯ ಬಳಿ ಇರುವ ಜಾಗಕ್ಕೆ ಸಿಕ್ಕಿಸುವುದು. ಅಂಥ ಜಾಗ ಇಲ್ಲದಿದ್ದರೆ, ಮುಚ್ಚಳ ಇನ್ನೂ ಮುಚ್ಚಿರುವಾಗಲೇ ನಾಝಲ್‌ನ ಮೂತಿಯನ್ನು ಅದರ ಲೋಹಕ್ಕೆ ಮುಟ್ಟಿಸುವುದು. ಇಷ್ಟಾದ ಮೇಲೆ ಮುಚ್ಚಳ ತೆರೆಯುವುದು. ತುಂಬಿಸುವಷ್ಟು ಹೊತ್ತೂ ನಾಝಲ್ ಬಾಯಿಯ ಅಂಚನ್ನು ಮುಟ್ಟಿಕೊಂಡೇ ಇರಬೇಕು. ಮುಗಿದ ಮೇಲೆ ನಾಝಲ್ ಹೊರಗೆ, ಮುಚ್ಚಳ ಭದ್ರ, ಎಲ್ಲಕ್ಕಿಂತ ಕೊನೆಗೆ ಕ್ಲಿಪ್ ಬಿಚ್ಚುವುದು.

ಈ ಸಾಲಿನಲ್ಲಿ ಅದಲುಬದಲು ಮಾಡಬಾರದ್ದು ಯಾಕೆ ಎನ್ನುವುದು ಗೊತ್ತಿದ್ದರೆ ನೆನಪಿಡುವುದು ಸುಲಭ. ವಿಮಾನ ಆಗಷ್ಟೇ ಧೂಳಿನಲ್ಲಿ ಹಾರಿ ಬಂದಿರಬಹುದು, ಬೌಸರ್ ರಸ್ತೆಯಲ್ಲಿ ಉರುಳಿ ಬಂದಿದೆ, ಎರಡರ ಮೈಮೇಲೂ ಅವುಗಳದೇ ಆವೇಶ ಇದೆ. ಎರಡನ್ನು ಮೊದಲ ಸಲ ಜೋಡಿಸುವಾಗ ಕಿಡಿ ಹಾರಿದರೂ ಹಾರೀತು. ಹಾರಲಿ, ಆದರೆ ಆವಿ ಇಲ್ಲದ ಕಡೆ, ಮುಚ್ಚಳ ಮುಚ್ಚಿರುವಾಗ ಹಾರಲಿ. ಬಾಂಡಿಂಗ್ ಕ್ಲಿಪ್ ಕಿಡಿಯನ್ನು ನಿಲ್ಲಿಸುತ್ತದೆ ಎನ್ನುವುದು ಅರ್ಧ ಸತ್ಯ. ಅದು ಕಿಡಿಯನ್ನು ಬೇಗ ಮುಗಿಸಿ, ದೂರದಲ್ಲಿ ಮುಗಿಸುತ್ತದೆ. ಮುಚ್ಚಳ ತೆಗೆದ ಮೇಲೆ "ಅಯ್ಯೋ, ಕ್ಲಿಪ್ ಮರೆತೆ" ಎಂದು ಆಗ ಹಾಕಲು ಹೋಗುವುದು, ಹಾಕದೇ ಬಿಡುವಷ್ಟೇ ಕೆಟ್ಟದ್ದು. ಹಾಗಾದರೆ ಮೊದಲು ಮುಚ್ಚಳ ಮುಚ್ಚಿ, ಆವಿ ಚದುರಲು ಬಿಟ್ಟು, ಆರಂಭದಿಂದ ಶುರು ಮಾಡಬೇಕು.

ಕ್ಲಿಪ್ ಎಲ್ಲಿಗೆ ಹಾಕಬೇಕು ಎನ್ನುವುದರಲ್ಲೂ ತಪ್ಪಾಗುತ್ತದೆ. ಕೆಲವು ವರ್ಷಗಳ ಹಿಂದೆ ಒಂದು ಫ್ಲೈಯಿಂಗ್ ಕ್ಲಬ್ಬಿನಲ್ಲಿ ಸಹಾಯಕ ಹುಡುಗನೊಬ್ಬ ರೆಕ್ಕೆಯ ಆಸರೆಗಿರುವ ಸ್ಟ್ರಟ್ಟಿಗೆ ಕ್ಲಿಪ್ ಕಚ್ಚಿಸಿದ್ದ. ಹೊಳೆಯುವ ಬಿಳಿ ಬಣ್ಣದ ಮೇಲೆ. "ಹಾಕಿದೀನಲ್ಲ ಸಾರ್" ಎಂದ. ಹಾಕಿದ್ದ, ನಿಜ. ಅಲ್ಲಿದ್ದ ಟೆಕ್ನಿಷಿಯನ್ ಮಾತಾಡದೆ ಮಲ್ಟಿಮೀಟರ್ ತಂದು ಕ್ಲಿಪ್ಪಿಗೂ ಎಕ್ಸಾಸ್ಟ್ ಪೈಪಿಗೂ ಹಿಡಿದು ತೋರಿಸಿದರು. ಮುಳ್ಳು ಅಲ್ಲಾಡಲಿಲ್ಲ. ವಿಮಾನದ ಬಣ್ಣ ಒಳ್ಳೆಯ ಅವಾಹಕ, ಅದರ ಮೇಲೆ ಕಚ್ಚಿದ ಕ್ಲಿಪ್ ಬಟ್ಟೆ ಒಣಹಾಕುವ ಕ್ಲಿಪ್ಪಿಗೆ ಸಮ. ಬಣ್ಣವಿಲ್ಲದ ಬರೀ ಲೋಹ ಬೇಕು. ತಯಾರಕರು ಗುರುತು ಮಾಡಿದ ಬಾಂಡಿಂಗ್ ಪಾಯಿಂಟ್ ಇದ್ದರೆ ಅದೇ ಸರಿ, ಇಲ್ಲದಿದ್ದರೆ ಎಕ್ಸಾಸ್ಟ್ ಪೈಪಿನ ತುದಿ, ವಿಮಾನ ಕಟ್ಟಿಹಾಕುವ ಬಳೆ, ಚಕ್ರದ ಬಳಿಯ ಬಣ್ಣವಿಲ್ಲದ ಲೋಹದ ಭಾಗ. ಪ್ರೊಪೆಲ್ಲರಿಗೆ ಬೇಡ. ಅಲಗಿಗೆ ಗೀರು ಬೀಳುವುದು ಒಂದು ಕಾರಣ, ಮ್ಯಾಗ್ನೆಟೋ ಸ್ವಿಚ್ಚಿನ ತಂತಿ ಕಡಿದಿದ್ದರೆ ಅಲಗು ಅಲ್ಲಾಡಿದಾಗ ಎಂಜಿನ್ ಒದೆಯಬಹುದು ಎನ್ನುವುದು ಇನ್ನೂ ದೊಡ್ಡ ಕಾರಣ. ಆಂಟೆನಾಗಳಿಗೂ ಬೇಡ.

ಆ ಮಲ್ಟಿಮೀಟರಿನ ವಿಷಯಕ್ಕೆ ಒಂದು ಮಾತು. ಹತ್ತು ಲಕ್ಷ ಓಮ್ ಇದ್ದರೂ ಸ್ಟ್ಯಾಟಿಕ್ ಸೋರಿಹೋಗಲು ಸಾಕು ಎಂದು ಮೇಲೆ ಲೆಕ್ಕ ಹಾಕಿದೆ. ಹಾಗಿದ್ದೂ ಬಾಂಡಿಂಗ್ ಕೇಬಲ್ ಪರೀಕ್ಷೆ ಮಾಡುವವರು 10 ಓಮ್‌ಗಿಂತ ಹೆಚ್ಚು ತೋರಿಸಿದರೆ ಅದನ್ನು ಪಕ್ಕಕ್ಕಿಡುತ್ತಾರೆ. ಇದೇನು, ಕೋಳಿಗೆ ಕೊಡಲಿ ಎನಿಸಬಹುದು. ಲೋಹದಿಂದ ಲೋಹಕ್ಕೆ ಸರಿಯಾದ ದಾರಿ ಇದ್ದರೆ ರೋಧ ಸಹಜವಾಗಿಯೇ 10 ಓಮ್‌ಗಿಂತ ಕೆಳಗಿರುತ್ತದೆ. ಮೇಲಿದೆ ಎಂದರೆ ಎಲ್ಲೋ ತುಕ್ಕು ಹಿಡಿದಿದೆ, ಇಲ್ಲವೇ ಪ್ಲಾಸ್ಟಿಕ್ ಹೊದಿಕೆಯೊಳಗೆ ಎಳೆಗಳು ಕಡಿದು ಒಂದೆರಡು ಮಾತ್ರ ಉಳಿದಿವೆ. ಇವತ್ತು 50 ಓಮ್, ನಾಳೆ ಅಲ್ಲಾಡಿಸಿದಾಗ ಪೂರ್ತಿ ಇಲ್ಲ. ಆ 10 ಓಮ್ ಎನ್ನುವುದು ಕೇಬಲ್ಲಿನ ಆರೋಗ್ಯದ ಅಳತೆ. ದಿನವೂ ರೀಲಿನಿಂದ ಎಳೆದು, ಸುತ್ತಿ, ಚಕ್ರದಡಿ ಸಿಕ್ಕಿಸಿಕೊಳ್ಳುವ ಕೇಬಲ್ ಒಳಗೇ ಕಡಿಯುವುದು ಸಾಮಾನ್ಯ.

ಆವಿಯ ಬಗ್ಗೆ ಸ್ವಲ್ಪ ನಿಲ್ಲಬೇಕು. ಸಣ್ಣ ಪಿಸ್ಟನ್ ಎಂಜಿನ್ ವಿಮಾನಗಳು ಕುಡಿಯುವುದು ಅವ್‌ಗ್ಯಾಸ್ 100 ಎಲ್‌ಎಲ್, ನೀಲಿ ಬಣ್ಣ ಬೆರೆಸಿದ, ಸೀಸ ಇರುವ ವಿಮಾನದ ಪೆಟ್ರೋಲ್. ಭಾರತಕ್ಕೆ ಇದು ಹೊರಗಿನಿಂದಲೇ ಬರುತ್ತಿತ್ತು; 2022ರ ಸೆಪ್ಟೆಂಬರಿನಲ್ಲಿ ಇಂಡಿಯನ್ ಆಯಿಲ್ ತನ್ನ ವಡೋದರಾ ರಿಫೈನರಿಯಲ್ಲಿ ತಯಾರಿಸಿದ್ದನ್ನು ಬಿಡುಗಡೆ ಮಾಡಿತು. ಪೆಟ್ರೋಲಿನಂತೆಯೇ ಇದೂ ಸೊನ್ನೆಗಿಂತ ಬಹಳ ಕೆಳಗಿನ ಉಷ್ಣತೆಯಲ್ಲೂ ಬೆಂಕಿ ಹತ್ತುವಷ್ಟು ಆವಿ ಬಿಡುತ್ತದೆ. ಪೆಟ್ರೋಲ್ ಆವಿ ಉರಿಯುವುದು ಗಾಳಿಯಲ್ಲಿ ಅದರ ಪಾಲು ಸುಮಾರು 1.4ರಿಂದ 7.6 ಪ್ರತಿಶತದ ನಡುವೆ ಇದ್ದಾಗ. ಅದಕ್ಕಿಂತ ಕಡಿಮೆ ಇದ್ದರೆ ಸೌದೆ ಸಾಲದು, ಹೆಚ್ಚಿದ್ದರೆ ಗಾಳಿ ಸಾಲದು. ನಮ್ಮ ಹವೆಯಲ್ಲಿ ಅವ್‌ಗ್ಯಾಸ್ ಟ್ಯಾಂಕಿನ ಒಳಗೆ ಆವಿ ಎಷ್ಟು ದಟ್ಟವಾಗಿರುತ್ತದೆಂದರೆ ಅಲ್ಲಿ ಕಿಡಿ ಬಿದ್ದರೂ ಉರಿಯುವುದು ಕಷ್ಟ. ಇದನ್ನು ಕೇಳಿ ಯಾರಾದರೂ ನಿಟ್ಟುಸಿರು ಬಿಟ್ಟರೆ ತಡೆಯಿರಿ. ಟ್ಯಾಂಕಿಗೆ 100 ಲೀಟರ್ ಇಂಧನ ಹೋದರೆ, ಒಳಗಿದ್ದ 100 ಲೀಟರ್ ಆವಿ ಹೊರಗೆ ಬರಲೇಬೇಕು. ಅದು ಬಾಯಿಯ ಅಂಚಿನಲ್ಲಿ, ನಾಝಲ್‌ನ ಸುತ್ತ, ಗಾಳಿಯೊಂದಿಗೆ ಬೆರೆಯುತ್ತಾ ತೆಳುವಾಗುತ್ತದೆ. ಆ ತೆಳುವಾಗುವ ದಾರಿಯಲ್ಲಿ ಎಲ್ಲೋ ಒಂದು ಕಡೆ ಹದ ಸರಿಯಾಗಿ ಕೂಡಿಬರುತ್ತದೆ. ಕಿಡಿ ಹಾರುವ ಜಾಗವೂ ಅದೇ. ಆವಿ ಗಾಳಿಗಿಂತ ಭಾರ, ರೆಕ್ಕೆಯಿಂದ ಕೆಳಗಿಳಿದು ನೆಲದ ಮೇಲೂ ಹರಡುತ್ತದೆ. ಗಾಳಿ ಆಡದ ಹ್ಯಾಂಗರಿನೊಳಗೆ ಇಂಧನ ತುಂಬಿಸಬಾರದು ಎನ್ನುವುದು ಇದಕ್ಕೇ.

ಎಟಿಎಫ್, ಅಂದರೆ ಜೆಟ್ ಎ-1, ಸೀಮೆಎಣ್ಣೆಯ ಬಂಧು. ಡೈಮಂಡ್ ಡಿಎ40 ಎನ್‌ಜಿಯಂಥ ಡೀಸೆಲ್ ಮಾದರಿಯ ಎಂಜಿನ್ ಇರುವ ಸಣ್ಣ ವಿಮಾನಗಳೂ ಇದನ್ನೇ ಬಳಸುತ್ತವೆ. ಇದರ ಜ್ವಲನ ಬಿಂದು, ಅಂದರೆ ಬೆಂಕಿ ಹತ್ತುವಷ್ಟು ಆವಿ ಏಳತೊಡಗುವ ಉಷ್ಣತೆ, ಕನಿಷ್ಠ 38 ಡಿಗ್ರಿ ಸೆಲ್ಸಿಯಸ್. ಆದ್ದರಿಂದ ಎಟಿಎಫ್ ಆವಿಗೆ ಬೆಂಕಿ ಹತ್ತುವುದಿಲ್ಲ ಎನ್ನುವ ಮಾತು ಲಂಡನ್ನಿನ ಹವೆಗೆ ಸರಿ. ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ನೆರಳಿನಲ್ಲೇ 42 ದಾಟುತ್ತದೆ, ಬಿಸಿಲಿಗೆ ಮೈಯೊಡ್ಡಿ ನಿಂತ ರೆಕ್ಕೆಯ ಟ್ಯಾಂಕಿನ ಮಾತೇ ಬೇಡ. ಅಲ್ಲಿ ಎಟಿಎಫ್‌ನ ಆವಿ ಉರಿಯುವ ಹದಕ್ಕೆ ಬಂದುಬಿಡುತ್ತದೆ, ಅದೂ ಟ್ಯಾಂಕಿನ ಒಳಗೇ. ಇನ್ನೂ ಅಪಾಯದ್ದು, ಮೊದಲು ಅವ್‌ಗ್ಯಾಸ್ ಇದ್ದ ಬ್ಯಾರೆಲ್ ಅಥವಾ ಟ್ಯಾಂಕಿಗೆ ಎಟಿಎಫ್ ಹಾಕುವುದು. ಉಳಿದಿದ್ದ ಪೆಟ್ರೋಲ್ ಆವಿಯನ್ನು ಎಟಿಎಫ್ ಹೀರಿಕೊಂಡು ತೆಳುವಾಗಿಸುತ್ತದೆ, ದಟ್ಟವಾಗಿದ್ದ ಆವಿ ಸರಿಯಾಗಿ ಉರಿಯುವ ಹದಕ್ಕೆ ಇಳಿಯುತ್ತದೆ, ಜೊತೆಗೆ ಹೊಸ ಇಂಧನ ತನ್ನ ಆವೇಶ ತಂದಿರುತ್ತದೆ. ತೈಲ ಟ್ಯಾಂಕರ್ ಲಾರಿಗಳ ಲೋಡಿಂಗಿನಲ್ಲಿ ಇದು ಹಳೆಯ ಕುಖ್ಯಾತಿ.

ಇನ್ನು ಕ್ಲಿಪ್ಪಿನ ಕೈಗೆ ಸಿಗದ ಭಾಗ. ಇಲ್ಲಿಯವರೆಗೆ ಹೇಳಿದ್ದು ಲೋಹದ ಮೈಮೇಲಿನ ವಿದ್ಯುತ್ತಿನ ಮಾತು. ಟ್ಯಾಂಕಿನೊಳಗೆ ಬಿದ್ದ ಇಂಧನದ ಒಡಲಲ್ಲೂ ಆವೇಶ ಇದೆಯಲ್ಲ? ಹೊರಗೆ ಎಷ್ಟೇ ದಪ್ಪ ತಂತಿ ಕಟ್ಟಿದರೂ ಅದು ತಕ್ಷಣ ಹೋಗುವುದಿಲ್ಲ, ಇಂಧನವೇ ಕೆಟ್ಟ ವಾಹಕ ಆದ್ದರಿಂದ. ಅದು ತಾನಾಗಿ ಟ್ಯಾಂಕಿನ ಗೋಡೆ ತಲುಪಿ ಇಳಿಯಬೇಕು. ಭೌತಶಾಸ್ತ್ರದ ಪಠ್ಯದಲ್ಲಿ ಈ ಗುಣಕ್ಕೆ ಆವೇಶ ಎಂದು ಹೆಸರಿಟ್ಟವರು ಊರ ದೇವರ ಉತ್ಸವ ನೋಡಿದವರೇ ಇರಬೇಕು. ಮೈಮೇಲೆ ಬಂದ ಆವೇಶ ಹಿಡಿದು ಕೂರಿಸಿದರೆ ಇಳಿಯುವುದಿಲ್ಲ, ಇಳಿಯಲು ಅದಕ್ಕೆ ಅದರದೇ ಹೊತ್ತು ಬೇಕು.

ಎಷ್ಟು ಹೊತ್ತು ಎನ್ನುವುದನ್ನು ಇಂಧನದ ವಾಹಕತೆ ತೀರ್ಮಾನಿಸುತ್ತದೆ. ಅದನ್ನು ಅಳೆಯುವುದು ಮೀಟರಿಗೆ ಇಷ್ಟು ಪಿಕೋಸೀಮನ್ಸ್ ಎಂದು. ವಾಹಕತೆ 1 ಇದ್ದರೆ ಆವೇಶ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯಲು 18 ಸೆಕೆಂಡ್ ಹಿಡಿಯುತ್ತದೆ, 50 ಇದ್ದರೆ ಸೆಕೆಂಡಿನ ಮೂರನೇ ಒಂದು ಭಾಗ. ಜೆಟ್ ಎ-1ಗೆ ಸ್ಟ್ಯಾಡಿಸ್ 450 ಎನ್ನುವಂಥ ಸ್ಟ್ಯಾಟಿಕ್ ಇಳಿಸುವ ಪದಾರ್ಥವನ್ನು ಅತಿ ಸಣ್ಣ ಪ್ರಮಾಣದಲ್ಲಿ ಬೆರೆಸಿ ವಾಹಕತೆಯನ್ನು 50ರಿಂದ 600ರ ನಡುವೆ ಇಡುತ್ತಾರೆ. ಅವ್‌ಗ್ಯಾಸಿಗೆ ಅದು ಕಡ್ಡಾಯವಲ್ಲ. ಹಾಗಾಗಿ ಸಣ್ಣ ವಿಮಾನದವರು ತಮ್ಮ ಇಂಧನ ಆವೇಶವನ್ನು ನಿಧಾನವಾಗಿ ಬಿಡುವ ಜಾತಿಯದು ಎಂದುಕೊಂಡೇ ನಡೆಯುವುದು ಒಳಿತು. ಚಳಿ ಹೆಚ್ಚಿದಷ್ಟೂ ವಾಹಕತೆ ಇನ್ನೂ ಇಳಿಯುತ್ತದೆ. ಫಿಲ್ಟರ್ ದಾಟಿದ ಇಂಧನ ಟ್ಯಾಂಕಿಗೆ ಬೀಳುವ ಮೊದಲು ಪೈಪಿನಲ್ಲೋ ನಡುವಣ ಕೋಣೆಯಲ್ಲೋ 30 ಸೆಕೆಂಡ್ ಕಳೆಯುವಂತೆ ಬೌಸರುಗಳನ್ನು ವಿನ್ಯಾಸ ಮಾಡುವ ರೂಢಿ ಬಂದದ್ದು ಇದರಿಂದಲೇ.

ತುಂಬಿಸುವವರ ಕೈಯಲ್ಲಿರುವುದು ಎರಡು ಸಂಗತಿ. ಒಂದು, ವೇಗ. ಆರಂಭದಲ್ಲಿ ನಿಧಾನ, ಇಂಧನ ಎತ್ತರದಿಂದ ಸಿಡಿಯದಂತೆ. ಸಿಡಿದ ಹನಿಗಳೂ ಮಂಜಿನಂಥ ತುಂತುರೂ ಆವೇಶ ಹೊತ್ತಿರುತ್ತವೆ, ಉರಿಯುವುದಕ್ಕೂ ಸುಲಭ. ಸೆಸ್ನಾ 172ರ ಈಗಿನ ಮಾದರಿಯ ಎರಡೂ ರೆಕ್ಕೆ ಸೇರಿ ಹಿಡಿಯುವುದು ಸುಮಾರು 212 ಲೀಟರ್. ಒಂದೆರಡು ನಿಮಿಷ ಉಳಿಸಿ ಯಾರೂ ಕೋಟ್ಯಧಿಪತಿಗಳಾಗುವುದಿಲ್ಲ. ಇನ್ನೊಂದು, ತುಂಬಿಸಿದ ಕೂಡಲೇ ಒಳಗೆ ಅಳತೆಕಡ್ಡಿ ಇಳಿಸದಿರುವುದು. ಆವೇಶ ತುಂಬಿದ ಇಂಧನದ ಮೇಲ್ಮೈಗೆ ಲೋಹದ ಕಡ್ಡಿ ಹತ್ತಿರ ಬಂದರೆ ಕಿಡಿಗೆ ಅದೇ ದಾರಿ. ಒಂದು ನಿಮಿಷ ಕಾದರೆ ನಷ್ಟವಿಲ್ಲ. ಬ್ಯಾರೆಲ್ಲಿನಲ್ಲಿ ಕಡ್ಡಿ ಅದ್ದುವಾಗಲೂ ಹೀಗೇ.

ಬ್ಯಾರೆಲ್ಲಿನ ಮಾತು ಬಂತು. ಪಂಪ್ ಇಲ್ಲದ ಸಣ್ಣ ಏರ್‌ಸ್ಟ್ರಿಪ್‌ಗಳಲ್ಲಿ 200 ಲೀಟರಿನ ಬ್ಯಾರೆಲ್ಲಿನಿಂದ ಕೈಪಂಪಿನಲ್ಲಿ ಇಂಧನ ಏರಿಸುವುದುಂಟು. ಬ್ಯಾರೆಲ್ ಮರದ ಹಲಗೆಯ ಮೇಲೋ ಟೈರಿನ ಮೇಲೋ ನಿಂತಿರುತ್ತದೆ, ನೆಲದ ಸಂಪರ್ಕ ಇರುವುದಿಲ್ಲ. ಹಾಗಾಗಿ ಬ್ಯಾರೆಲ್, ಪಂಪ್, ನಾಝಲ್, ವಿಮಾನ ನಾಲ್ಕೂ ಒಂದೇ ಸರಪಳಿಯಾಗಬೇಕು, ನಡುವೆ ಒಂದು ಕೊಂಡಿಯೂ ಬಿಟ್ಟುಹೋಗಬಾರದು. ಹೋಸ್ ಕೂಡ ವಿಮಾನದ ಇಂಧನಕ್ಕೆಂದೇ ಮಾಡಿದ, ಸ್ವಲ್ಪ ವಿದ್ಯುತ್ ಸಾಗಿಸುವ ರಬ್ಬರಿನದಾಗಿರಬೇಕು. ತೋಟಕ್ಕೆ ನೀರು ಬಿಡುವ ಪೈಪು ಈ ಕೆಲಸಕ್ಕೆ ಅಲ್ಲ.

ಮೈಕ್ರೋಲೈಟ್, ಅಂದರೆ ಒಬ್ಬಿಬ್ಬರು ಕೂರುವ ಅತಿ ಹಗುರ ವಿಮಾನ, ಹಾರಿಸುವವರದು ಇನ್ನೊಂದು ಲೋಕ. ಅವುಗಳ ರೋಟಾಕ್ಸ್ ಎಂಜಿನ್ನಿಗೆ ಬಂಕಿನ ಪೆಟ್ರೋಲ್ ನಡೆಯುತ್ತದೆ, ಹಾಗಾಗಿ ಪ್ಲಾಸ್ಟಿಕ್ ಕ್ಯಾನ್, ಪ್ಲಾಸ್ಟಿಕ್ ಆಲಿಕೆ, ಸೋಸಲು ಶಾಮಿ ಚರ್ಮ. ಮೂರೂ ತಲೆನೋವು. ಪ್ಲಾಸ್ಟಿಕ್ಕಿಗೆ ಕ್ಲಿಪ್ ಹಾಕಿ ಪ್ರಯೋಜನವಿಲ್ಲ, ಅದರ ಮೇಲಿನ ಆವೇಶ ಇದ್ದಲ್ಲೇ ಕೂತಿರುತ್ತದೆ, ತಂತಿಯ ಕಡೆಗೆ ಹರಿಯುವುದಿಲ್ಲ. ಅದಕ್ಕಿಂತ ಕೆಟ್ಟದ್ದು ಪ್ಲಾಸ್ಟಿಕ್ಕಿನ ನಡುವೆ ಸಿಕ್ಕಿಕೊಂಡ ಲೋಹ. ಪ್ಲಾಸ್ಟಿಕ್ ಆಲಿಕೆಯ ತಳದಲ್ಲಿ ಲೋಹದ ಜಾಲರಿ ಇದ್ದರೆ, ಜಾಲರಿ ಆವೇಶ ಕೂಡಿಟ್ಟುಕೊಳ್ಳುತ್ತದೆ, ಬಿಡಲು ದಾರಿಯಿಲ್ಲ, ಹತ್ತಿರ ಬಂದ ಮೊದಲ ಲೋಹಕ್ಕೆ ಅಷ್ಟನ್ನೂ ಒಮ್ಮೆಗೇ ಕೊಡುತ್ತದೆ. ಆಲಿಕೆ ಬೇಕೇ ಬೇಕೆಂದರೆ ಲೋಹದ್ದೇ ಇರಲಿ, ಅದೂ ಬಾಂಡಿಂಗ್ ಸರಪಳಿಯೊಳಗೆ. ಕ್ಯಾನಿಗೆ ಬಂಕಿನಲ್ಲಿ ತುಂಬಿಸುವಾಗ ಅದನ್ನು ವಾಹನದಿಂದ ಇಳಿಸಿ ನೆಲದ ಮೇಲಿಡಬೇಕು. ಅಮೆರಿಕದಲ್ಲಿ ಪ್ಲಾಸ್ಟಿಕ್ ಹಾಸು ಹಾಕಿದ ಪಿಕಪ್ ವಾಹನಗಳ ಹಿಂಭಾಗದಲ್ಲೇ ಕ್ಯಾನ್ ಇಟ್ಟು ತುಂಬಿಸುವಾಗ ಬೆಂಕಿ ಹತ್ತಿದ ಘಟನೆಗಳನ್ನು ನೋಡಿ, ಅಲ್ಲಿನ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆ ನಿಯೋಶ್ 1998ರಲ್ಲೇ ಎಚ್ಚರಿಕೆ ಹೊರಡಿಸಿತ್ತು. ಲೋಹದ ಕ್ಯಾನ್ ಆದರೂ ಪ್ಲಾಸ್ಟಿಕ್ ಹಾಸಿನ ಮೇಲಿದ್ದರೆ ನೆಲ ಕಾಣದು.

ಫೈಬರ್ ಮೈಯ ವಿಮಾನಗಳ ಕಷ್ಟವೂ ಇದೇ ಜಾತಿಯದು. ಸಿರಸ್ ಎಸ್‌ಆರ್22, ಡೈಮಂಡ್‌ನ ವಿಮಾನಗಳು, ಮನೆಯಲ್ಲೇ ಜೋಡಿಸಿದ ಅನೇಕ ಹಗುರ ವಿಮಾನಗಳ ಮೈ ಫೈಬರ್ ಸಂಯುಕ್ತದ್ದು. ಅಲ್ಲಿ ಎಲ್ಲೋ ಒಂದು ಲೋಹದ ಬೋಲ್ಟಿಗೆ ಕ್ಲಿಪ್ ಹಾಕಿದರೆ ಟ್ಯಾಂಕಿನ ಬಾಯಿಯ ಲೋಹದ ಬಳೆಗೂ ಆ ಬೋಲ್ಟಿಗೂ ಸಂಬಂಧ ಇದ್ದೇ ಇರುತ್ತದೆ ಎನ್ನುವ ಭರವಸೆ ಇಲ್ಲ. ತಯಾರಕರು ಒಳಗೊಳಗೇ ತಂತಿ ಎಳೆದು ಒಂದು ನಿಗದಿತ ಜಾಗಕ್ಕೆ ಜೋಡಿಸಿರುತ್ತಾರೆ, ಅದು ಎಲ್ಲಿ ಎನ್ನುವುದನ್ನು ಆ ವಿಮಾನದ ಕೈಪಿಡಿ ಹೇಳುತ್ತದೆ. ಲೋಹದ ಸೆಸ್ನಾದಲ್ಲಿ ಅಭ್ಯಾಸವಾದ ಕೈ ಇಲ್ಲಿ ಊಹೆ ಮಾಡಬಾರದು, ಪುಟ ತೆರೆದು ನೋಡಬೇಕು. ಹಳೆಯ, ಮನೆಯಲ್ಲಿ ಕಟ್ಟಿದ ವಿಮಾನವಾದರೆ ಮಲ್ಟಿಮೀಟರ್ ಹಿಡಿದು ಬಾಯಿಯ ಬಳೆಯಿಂದ ಕ್ಲಿಪ್ಪಿನ ಜಾಗಕ್ಕೆ ದಾರಿ ಇದೆಯೇ ಎಂದು ಒಮ್ಮೆ ಅಳೆಯುವುದು ಅರ್ಧ ಗಂಟೆಯ ಕೆಲಸ.

ಮತ್ತೆ ಮನುಷ್ಯನಿಗೆ ಬರೋಣ, ಶುರು ಮಾಡಿದ್ದು ಅವನಿಂದಲೇ. ನೈಲಾನ್ ಜಾಕೆಟ್, ಫ್ಲೀಸ್ ಸ್ವೆಟರ್ ಹಾಕಿದವರು ರೆಕ್ಕೆಯ ಬಳಿ ಅದನ್ನು ಬಿಚ್ಚಬಾರದು. ಬೆಳಗಿನ ಚಳಿ ಕಳೆದು ಬಿಸಿಲೇರಿದಾಗ ತೀರ ಸಹಜವಾಗಿ ಆಗುವ ತಪ್ಪು ಇದು. ಹತ್ತಿ ಬಟ್ಟೆ ವಾಸಿ. ಏಣಿ ಹತ್ತುವ ಮೊದಲು, ಟ್ಯಾಂಕಿನ ಬಾಯಿಯಿಂದ ದೂರದಲ್ಲಿ, ವಿಮಾನದ ಬಣ್ಣವಿಲ್ಲದ ಲೋಹವನ್ನು ಬರಿಗೈಯಲ್ಲಿ ಮುಟ್ಟಿ. ನಿಮ್ಮ ಮೈಯ ಆವೇಶ ಅಲ್ಲೇ ಇಳಿಯುತ್ತದೆ. ತುಂಬಿಸುವ ನಡುವೆ ಇಳಿದು ಹೋಗಿ ಕಾಕ್‌ಪಿಟ್ ಸೀಟಿನ ಮೇಲೆ ಕೂತು, ಲಾಗ್‌ಬುಕ್ ಬರೆದು, ಮತ್ತೆ ಬಂದು ನಾಝಲ್ ಹಿಡಿಯುವುದು ಬೇಡ. ಅಮೆರಿಕದ ಪೆಟ್ರೋಲಿಯಂ ಇಕ್ವಿಪ್‌ಮೆಂಟ್ ಇನ್‌ಸ್ಟಿಟ್ಯೂಟ್ ಬಂಕುಗಳಲ್ಲಿ ಆದ ಸ್ಟ್ಯಾಟಿಕ್ ಬೆಂಕಿಗಳ ವರದಿಗಳನ್ನು ಕೂಡಿಹಾಕಿದಾಗ ಮತ್ತೆ ಮತ್ತೆ ಕಂಡದ್ದು ಇದೇ ನಡವಳಿಕೆ: ನಾಝಲ್ ಸಿಕ್ಕಿಸಿ, ಕಾರಿನೊಳಗೆ ಹೋಗಿ ಕೂತು, ಸೀಟಿನ ಮೇಲೆ ಉಜ್ಜಿ ಎದ್ದು ಬಂದು ನಾಝಲ್ ಮುಟ್ಟಿದ್ದು. ಬಂಕುಗಳಲ್ಲಿ ಎಲ್ಲರೂ ಹೆದರುವ ಮೊಬೈಲಿನಿಂದ ಬೆಂಕಿ ಹತ್ತಿತು ಎನ್ನುವುದಕ್ಕೆ ಅವರಿಗೆ ಆಧಾರ ಸಿಗಲಿಲ್ಲ. ಮೊಬೈಲ್ ಜೇಬಿನಲ್ಲೇ ಇರಲಿ, ನಿಯಮ ನಿಯಮವೇ. ಆದರೆ ಮೊಬೈಲಿಗೆ ಬೈದು ಫ್ಲೀಸ್ ಸ್ವೆಟರನ್ನು ಮರೆಯುವುದು, ಕಳ್ಳನನ್ನು ಬಿಟ್ಟು ದಾರಿಹೋಕನನ್ನು ಹಿಡಿದ ಹಾಗೆ.

ಇಷ್ಟೆಲ್ಲ ಆದ ಮೇಲೂ ಬಾಯಿಯಲ್ಲಿ ಬೆಂಕಿ ಎದ್ದರೆ? ಕೈ ತಾನಾಗಿ ಮಾಡುವ ಕೆಲಸ ನಾಝಲ್ ಹೊರಗೆಳೆಯುವುದು. ಎಳೆದರೆ ಹರಿಯುತ್ತಿರುವ ಇಂಧನ ರೆಕ್ಕೆಯ ಮೇಲೆ, ಏಣಿಯ ಮೇಲೆ, ನಿಮ್ಮ ಮೇಲೆ ಚೆಲ್ಲುತ್ತದೆ, ಅಂಗೈಯಗಲದ ಜ್ವಾಲೆ ಇಡೀ ವಿಮಾನದ್ದಾಗುತ್ತದೆ. ಟ್ರಿಗರ್ ಬಿಡಿ, ನಾಝಲ್ ಇದ್ದಲ್ಲೇ ಇರಲಿ, ಏಣಿ ಇಳಿದು ದೂರ ಸರಿಯಿರಿ, ಪಂಪ್ ಬಂದ್ ಮಾಡಿಸಿ, ಅಗ್ನಿಶಾಮಕ ಹಿಡಿದು, ಗಾಳಿ ನಿಮ್ಮ ಬೆನ್ನಿಗೆ ಬೀಸುವ ಕಡೆಯಿಂದ ಬನ್ನಿ. ಟ್ರಿಗರನ್ನು ಒತ್ತಿದ ಸ್ಥಿತಿಯಲ್ಲೇ ನಿಲ್ಲಿಸಲು ಕಲ್ಲಿನ ಚೂರು, ಮುಚ್ಚಳ, ಮಡಚಿದ ಬಟ್ಟೆ ಸಿಕ್ಕಿಸುವ ಅಭ್ಯಾಸ ಕೆಲವರಿಗಿದೆ. ಹಾಗೆ ಸಿಕ್ಕಿಸಿದ್ದರೆ ಟ್ರಿಗರ್ ಬಿಟ್ಟರೂ ಇಂಧನ ನಿಲ್ಲುವುದಿಲ್ಲ.